ಭಯಾನಕ ಚಲಚ್ಚಿತ್ರಗಳೂ ಅಮೆರಿಕದ ಜನಮನಸ್ಸೂ

ಒಂದು ಜನಾಂಗದ ಶೀಲವನ್ನು ಅರಿಯಬೇಕಾದರೆ ಅದು ಯಾವುದನ್ನು ಪೂಜಿಸುತ್ತದೆಂಬುದನ್ನು ನೋಡಬೇಕೆಂದು ಹೇಳುವುದುಂಟು. ಅದು ಯಾವುದಕ್ಕೆ ಅಂಜುತ್ತದೆಂಬುದನ್ನೂ ನೋಡಬೇಕು. ಪೂಜೆಯಲ್ಲಿ ಡಂಭವು ಬೆರೆಯಬಹುದು. ಭಯದಲ್ಲಿ ಡಂಭಕ್ಕೆ ಎಡೆ ಕಡಮೆ. ಈ ದೃಷ್ಟಿಯಿಂದ ಅಮೆರಿಕದ ಭಯಾನಕ ಚಿತ್ರಗಳೂ ವಿವಾದಕ್ಕೊಳಗಾದ ಚಿತ್ರಗಳೂ ವಿಚಾರಾರ್ಹವಾಗಿವೆ.

ಮೊದಲು ಪೂರ್ವಪಕ್ಷವನ್ನು ಕೇಳೋಣ. ಹೆಣ, ನೆತ್ತರು, ಪಿಶಾಚಗಳನ್ನು ತೋರಿಸುವ ಚಿತ್ರವು ಮನಸ್ಸನ್ನು ಕೆಡಿಸುತ್ತದೆ. ಆದುದರಿಂದ ಅದನ್ನು ತಡೆಯುವುದೇ ಧರ್ಮವೆಂದು ಸಜ್ಜನರನೇಕರ ಮತ. ಅಮೆರಿಕದವರೂ ಬಹುಕಾಲ ಹೀಗೆಯೇ ಭಾವಿಸಿದ್ದರು. ಚಲಚ್ಚಿತ್ರವು ಕೇವಲ ವ್ಯಾಪಾರ, ಅದಕ್ಕೆ ವಾಕ್ಸ್ವಾತಂತ್ರ್ಯದ ರಕ್ಷೆಯಿಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1915ರಲ್ಲಿ ತೀರ್ಪಿತ್ತಿತು. 1952ರವರೆಗೆ ಆ ಮಾತು ನಿಂತಿತು. ಚಿತ್ರನಿರ್ಮಾಪಕರು ತಾವೇ 1930ರಲ್ಲಿ ಒಂದು ನಿಯಮಾವಳಿಯನ್ನು ರಚಿಸಿಕೊಂಡು, 1934ರಿಂದ ಅದನ್ನು ಕಟ್ಟುನಿಟ್ಟಾಗಿ ನಡೆಸಿ, 1968ರಲ್ಲಿ ಕೈಬಿಟ್ಟರು.

ನಮ್ಮ ಆಲಂಕಾರಿಕರಾದರೋ ಭಯವನ್ನು ಕಲೆಯಿಂದ ಹೊರಗಟ್ಟಲಿಲ್ಲ. ಭರತನು ಭಯಾನಕವನ್ನೂ ಬೀಭತ್ಸವನ್ನೂ ಎಂಟು ರಸಗಳಲ್ಲಿ ಎಣಿಸಿದನು. ಅಭಿನವಗುಪ್ತನು ರಸಾನುಭವವನ್ನು ವಿವರಿಸುವಾಗ ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ರಥದ ಮುಂದೆ ಓಡುವ ಜಿಂಕೆಯನ್ನೇ ಉದಾಹರಿಸಿದನು. ಆ ಭಯವನ್ನು ಸಹೃದಯನು ತನ್ನದೆಂದೂ ಎಣಿಸನು, ಅನ್ಯರದೆಂದೂ ದೂರವಿಡನು. ಹೀಗಿರುವಲ್ಲಿ ಭಯವನ್ನು ತೋರಿಸಿದುದು ದೋಷವಲ್ಲ. ಆ ಭಯಕ್ಕೆ ಆಲಂಬನವಾಗಿ ಯಾರನ್ನು ನಿಲ್ಲಿಸಿದೆ, ನಮ್ಮನ್ನು ಜಿಂಕೆಯ ಪಕ್ಷದಲ್ಲಿಟ್ಟಿದೆಯೋ ಬೇಟೆಗಾರನ ಪಕ್ಷದಲ್ಲಿಟ್ಟಿದೆಯೋ ಎಂಬುದೇ ನಿಜವಾದ ಪ್ರಶ್ನೆ.

ಎರಡು ಚಿತ್ರಗಳನ್ನು ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. 1915ರಲ್ಲಿ ಗ್ರಿಫಿತ್ ಎಂಬಾತನು ನಿರ್ಮಿಸಿದ ‘ದಿ ಬರ್ತ್ ಆಫ್ ಎ ನೇಷನ್’ ಭಯಾನಕ ಚಿತ್ರವೆಂದು ಹೆಸರಾದುದಲ್ಲ, ವೀರಕಥೆಯೆಂದು ಮೆರೆದುದು. ಅಧ್ಯಕ್ಷ ವಿಲ್ಸನ್ನರ ನಿವಾಸದಲ್ಲಿಯೇ ಅದರ ಪ್ರದರ್ಶನವಾಯಿತು. ಅದರಲ್ಲಿ ಭಯದ ಆಲಂಬನವು ದಾಸ್ಯದಿಂದ ಬಿಡುಗಡೆ ಹೊಂದಿದ ಕಪ್ಪುಜನರು. ಮುಖವಸ್ತ್ರ ಧರಿಸಿ ಅವರನ್ನು ಬೇಟೆಯಾಡುವ ಕು ಕ್ಲುಕ್ಸ್ ಕ್ಲಾನ್ ಪಡೆಯೇ ನಾಯಕಸ್ಥಾನದಲ್ಲಿದೆ. ಕಪ್ಪುಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಸಂಘವು ಪ್ರತಿಭಟಿಸಿತು. ಆದರೂ ಅಳಿದುಹೋಗಿದ್ದ ಆ ಪಡೆ ಅದೇ ವರ್ಷ ಮರಳಿ ಹುಟ್ಟಿತು. ಮುಂದೆ ಸದಸ್ಯರನ್ನು ಕೂಡಿಸಲು ಈ ಚಿತ್ರವನ್ನೇ ಬಳಸಿಕೊಂಡಿತು.

ಇದಕ್ಕೆ ಪ್ರತಿಯಾಗಿ 1968ರ ಅಕ್ಟೋಬರಿನಲ್ಲಿ ಹೊರಬಂದ, ರೊಮೆರೋ ಎಂಬಾತನ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರವನ್ನು ನೋಡಿರಿ. ಸತ್ತವರು ಎದ್ದುಬಂದು ಬದುಕಿರುವವರನ್ನು ತಿನ್ನುವ ಕಥೆ. ಬೀಭತ್ಸಕ್ಕೆ ಅದರಲ್ಲಿ ಕೊರತೆಯಿಲ್ಲ. ಹಲವರು ಅದನ್ನು ಹೇಸಿ ನಿಂದಿಸಿದರು. ಒಂದು ಒಂಟಿಮನೆಯಲ್ಲಿ ಸಿಕ್ಕಿಬಿದ್ದವರನ್ನು ರಕ್ಷಿಸಲು ರಾತ್ರಿಯೆಲ್ಲ ಹೆಣಗುವವನು ಒಬ್ಬ ಕಪ್ಪು ಯುವಕ. ಹೆಣಗಳ ಬಾಯಿಗೆ ಅವನು ಬೀಳುವುದಿಲ್ಲ. ಬೆಳಗಾದ ಮೇಲೆ, ಹೆಣಗಳನ್ನು ಬೇಟೆಯಾಡುತ್ತ ಬಂದ ಬಿಳಿಯರ ಗುಂಪು ಅವನನ್ನೂ ಹೆಣವೆಂದು ಭಾವಿಸಿ ಗುಂಡಿಕ್ಕಿ ಕೊಲ್ಲುತ್ತದೆ. ದೇಹವನ್ನು ಕೊಕ್ಕೆಗಳ ನೆರವಿನಿಂದ ಸಾಗಿಸಿ ಚಿತೆಗೆ ಹಾಕುತ್ತದೆ. ಮಾರ್ಟಿನ್ ಲೂಥರ್ ಕಿಂಗ್ ಹತರಾದುದು ಅದೇ ವರ್ಷದ ಏಪ್ರಿಲಿನಲ್ಲಿ. ಕಪ್ಪುಜನರನ್ನು ಗುಂಪುಗೂಡಿ ಕೊಂದ ಚರಿತ್ರೆಯುಳ್ಳ ನಾಡು ಆ ಕೊನೆಯ ದೃಶ್ಯದಲ್ಲಿ ಯಾರ ಮುಖವನ್ನು ಕಂಡಿತೆಂದು ಬೇರೆ ಹೇಳಬೇಕೆ?

ನಿರ್ಮಾಪಕನ ಉದ್ದೇಶವೇ ಬೇರೆಯಾಗಿತ್ತಲ್ಲವೆ ಎಂದು ಕೆಲವರು ಕೇಳಬಹುದು. ಆ ನಟನು ಪರೀಕ್ಷೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅಭಿನಯಿಸಿದುದರಿಂದ ಅವನನ್ನು ಆರಿಸಿದುದಾಗಿ ರೊಮೆರೋ ಹೇಳಿದುದು ನಿಜ. ಆದರೆ ಕನ್ನಡಿಗೆ ಉದ್ದೇಶವಿರಬೇಕಾಗಿಲ್ಲ. ಎದುರಿಗಿರುವುದು ಅದರಲ್ಲಿ ಕಾಣುತ್ತದೆ.

ಹೀಗೆಂದ ಮಾತ್ರಕ್ಕೆ ನೆತ್ತರು ಹರಿಸುವ ಚಿತ್ರಗಳೆಲ್ಲವೂ ಸತ್ಯದರ್ಶಿಗಳೆಂದು ತಿಳಿಯಲಾಗದು. ಹಣಕ್ಕಾಗಿಯೇ ಹುಟ್ಟಿದವು ಅನೇಕ. 1980ರ ‘ಫ್ರೈಡೇ ದಿ ಥರ್ಟೀಂತ್’ ಚಿತ್ರದಲ್ಲಿ ಕ್ಯಾಮರವು ಎಷ್ಟೋ ವೇಳೆ ಕೊಲೆಗಾರನ ಕಣ್ಣಾಗಿಯೇ ಸಂಚರಿಸುತ್ತದೆ. ಅಲ್ಲಿ ಪ್ರೇಕ್ಷಕನು ಜಿಂಕೆಯೊಡನೆ ಓಡುವುದಿಲ್ಲ, ಬಾಣದೊಡನೆ ಹೋಗುತ್ತಾನೆ. ಇಂತಹ ಅಭ್ಯಾಸವು ಕರುಣೆಯನ್ನು ಮೊಂಡು ಮಾಡೀತೆಂಬ ಸಜ್ಜನರ ಶಂಕೆ ನಿರಾಧಾರವಾದುದಲ್ಲ. ಎಳೆಯ ಮಕ್ಕಳನ್ನಂತೂ ಇವುಗಳಿಂದ ದೂರವಿಡುವುದೇ ಲೇಸು.

ಈಗ ಈ ಚಿತ್ರಗಳು ಸಮುದ್ರವನ್ನು ದಾಟಿ ನಮ್ಮ ಮನೆಗಳ ಒಳಗೇ ಬರುತ್ತಿವೆ. ಬೆಳೆದ ಮಕ್ಕಳೊಡನೆ ಅವುಗಳನ್ನು ನೋಡುವ ಹಿರಿಯರು ನೆತ್ತರಿನ ಹನಿಗಳನ್ನು ಎಣಿಸಿ ಗುಣದೋಷವನ್ನು ನಿರ್ಣಯಿಸಬಾರದು. ಹನಿ ನೆತ್ತರಿಲ್ಲದ ವೀರಕಥೆಯೂ ನೆರೆಯವನನ್ನು ರಾಕ್ಷಸನೆಂದು ನಂಬಿಸಬಲ್ಲದು; ಹೇಸಿಗೆಯ ಕಥೆಯೂ ನಮ್ಮೊಳಗಿನ ರಾಕ್ಷಸನನ್ನು ತೋರಿಸಬಲ್ಲದು. ಚಿತ್ರವು ಮುಗಿದ ಬಳಿಕ, ಇದು ನಮ್ಮನ್ನು ಯಾರಿಗೆ ಅಂಜುವಂತೆ ಮಾಡಿತು, ಯಾರಿಗಾಗಿ ಮರುಗುವಂತೆ ಮಾಡಿತು ಎಂಬುದನ್ನು ಮಕ್ಕಳೊಡನೆ ಕುಳಿತು ವಿಚಾರಿಸಬೇಕು. ಅಮೆರಿಕದವರಿಗೆ ಹಿಡಿದ ಕನ್ನಡಿಯಲ್ಲಿ ನಮ್ಮ ಮುಖವೂ ಕಾಣುವುದಾದರೆ ಅದನ್ನು ಅಲ್ಲಗಳೆಯದೆ ನೋಡುವುದು ವಿವೇಕಿಗಳ ಲಕ್ಷಣ.