ರಥಶುದ್ಧಿ: ಆಯುಧಪೂಜೆಯ ಒಂದು ಚಿಂತನೆ



ಯಾವ ಉಪಕರಣದಿಂದ ನಮ್ಮ ಜೀವನ ಸಾಗುವುದೋ ಆ ಉಪಕರಣದಲ್ಲಿ ಜಗನ್ಮಾತೆಯ ಶಕ್ತಿಯನ್ನು ಕಂಡು ಕೈಮುಗಿಯುವುದೇ ಮಹಾನವಮಿಯ ಆಯುಧಪೂಜೆಯ ತಾತ್ಪರ್ಯ. ಒಕ್ಕಲಿಗನು ನೇಗಿಲನ್ನೂ ಕಮ್ಮಾರನು ಸುತ್ತಿಗೆಯನ್ನೂ ಅಕ್ಕಸಾಲಿಗನು ತಕ್ಕಡಿಯನ್ನೂ ಅಂದು ಪೂಜಿಸುತ್ತಾರೆ. ನಾವು ಬಂದು ನೆಲೆಸಿರುವ ಈ ಕೇರಳದಲ್ಲಿಯೂ ದುರ್ಗಾಷ್ಟಮಿಯ ಸಂಜೆ ಪುಸ್ತಕಗಳನ್ನು, ಕೆಲಸದ ಉಪಕರಣಗಳನ್ನು ದೇವಿಯ ಸನ್ನಿಧಿಯಲ್ಲಿಟ್ಟು ವಿಜಯದಶಮಿಯ ಬೆಳಿಗ್ಗೆ ಮರಳಿ ಪಡೆಯುವ ಸಂಪ್ರದಾಯವುಂಟು. ಮಹಾನಗರವಾಸಿಗಳಾದ ನಮಗೆ ನೇಗಿಲಿಲ್ಲ, ಖಡ್ಗವಿಲ್ಲ. ನಮ್ಮಲ್ಲಿ ಅನೇಕರ ಪಾಲಿಗೆ ಆಯುಧವೆಂದರೆ ಮನೆಯ ಮುಂದೆ ನಿಂತಿರುವ ಕಾರು.

"ಜಡವಾದ ಕಾರಿಗೆ ಪೂಜೆಯೇಕೆ?" ಎಂದು ಕೇಳುವ ಮಿತ್ರರಿದ್ದಾರೆ. ಅವರಿಗೆ ಉತ್ತರವಾಗಿ ಕಠೋಪನಿಷತ್ತನ್ನು ನೆನೆಯಬಹುದು. ಅಲ್ಲಿ ಯಮಧರ್ಮನು ನಚಿಕೇತನಿಗೆ ಆತ್ಮತತ್ತ್ವವನ್ನು ಬೋಧಿಸುವಾಗ ಆರಿಸಿಕೊಂಡ ದೃಷ್ಟಾಂತವು ವಾಹನದ್ದೇ ಆಗಿದೆ. ಶರೀರವು ರಥ, ಆತ್ಮನು ರಥಿಕ, ಬುದ್ಧಿಯು ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆಗಳು. ಋಷಿಗಳಿಗೆ ರಥವು ಗುರುವಾಗಬಹುದಾದರೆ ನಮಗೆ ಕಾರು ಗುರುವಾಗಬಾರದೇಕೆ? ಹಬ್ಬಕ್ಕೆಂದು ಅದನ್ನು ಶುಚಿಗೊಳಿಸಿ, ಹೊಳಪುಕೊಟ್ಟು, ಆ ಹೊಳಪನ್ನು ಕಾಪಾಡುವ ಕೆಲಸದಲ್ಲಿ ಚಿತ್ತಶುದ್ಧಿಯ ಕ್ರಮವೆಲ್ಲವೂ ಅಡಗಿದೆ. ಅದನ್ನು ಸ್ವಲ್ಪ ವಿಚಾರಿಸೋಣ.

ಮೊದಲು ನಮ್ಮ ನೆಲೆಯನ್ನು ನೋಡಿ. ಈ ವಿಲ್ಲಿಂಗ್ಡನ್ ಐಲ್ಯಾಂಡ್ ಪ್ರಕೃತಿದತ್ತವಾದ ದ್ವೀಪವಲ್ಲ. 1920ರಲ್ಲಿ ಕೊಚ್ಚಿಗೆ ಬಂದ ಬಂದರು ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅವರು ಹಡಗುಗಳಿಗೆ ದಾರಿಮಾಡಲು ಹಿನ್ನೀರಿನ ತಳದಿಂದ ತೆಗೆಸಿದ ಹೂಳಿನಿಂದಲೇ ಎದ್ದುನಿಂತ ನೆಲವಿದು. ಸುತ್ತಲೂ ಉಪ್ಪುನೀರು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಗಾಳಿಯಲ್ಲಿ ತೇವಾಂಶವು ನೂರಕ್ಕೆ 75ರಷ್ಟನ್ನು ಮೀರಿದಾಗ ಉಪ್ಪು ತಾನಾಗಿಯೇ ನೀರನ್ನು ಹೀರಿ ಕರಗತೊಡಗುತ್ತದೆ. ಇಲ್ಲಿ ಮಳೆಗಾಲದಲ್ಲಿ ಅದಕ್ಕಿಂತ ಹೆಚ್ಚು ತೇವವಿರುವುದೇ ಸಾಮಾನ್ಯ. ಹೀಗಾಗಿ ಕಾರಿನ ಮೈಮೇಲೆ ಕುಳಿತ ಉಪ್ಪಿನ ಕಣವು ಮಳೆಯಿಲ್ಲದ ದಿನದಲ್ಲಿಯೂ ತೇವವನ್ನು ಹಿಡಿದಿಟ್ಟುಕೊಂಡು ಲೋಹವನ್ನು ತಿನ್ನುತ್ತಿರುತ್ತದೆ. ಯಾರೂ ಬೈಯದೆ, ಯಾರೂ ಹೊಡೆಯದೆ, ಸುಮ್ಮನೆ ನಿಂತಿರುವ ವಾಹನವೂ ಇಲ್ಲಿ ಸವೆಯುತ್ತದೆ. ಮನುಷ್ಯನ ಮನಸ್ಸಿಗೂ ಇದೇ ಗತಿ. ದುಷ್ಕೃತ್ಯವನ್ನು ಮಾಡಿದವನ ಮನಸ್ಸು ಮಾತ್ರ ಮಲಿನವಾಗುತ್ತದೆಂದು ತಿಳಿಯಬೇಡಿ. ಸುತ್ತಣ ಗಾಳಿಯ ಅವಸರ, ಹೋಲಿಕೆ, ಅಸೂಯೆ ಇವು ಕಣಕಣವಾಗಿ ಬಂದು ಕೂರುತ್ತವೆ.

ತಿಳಿಬಣ್ಣದ ಕಾರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಪ್ಪು ಕಾರಿನಲ್ಲಿ ಗೀರು, ಸುಳಿಗೆರೆ, ಧೂಳು ಎಲ್ಲವೂ ದೂರದಿಂದಲೇ ಕಾಣುತ್ತವೆ. ಬಿಳಿಯ ಅಥವಾ ಕೆನೆಬಣ್ಣದ ಕಾರು ತನ್ನ ದೋಷಗಳನ್ನು ಬಹುಕಾಲ ಮುಚ್ಚಿಟ್ಟುಕೊಳ್ಳುತ್ತದೆ. ಅದು ಮಂಕಾಗುವುದು ಎಷ್ಟು ನಿಧಾನವೆಂದರೆ ಪ್ರತಿದಿನ ನೋಡುವ ಒಡೆಯನಿಗೆ ತಿಳಿಯುವುದೇ ಇಲ್ಲ. ಸಮಾಜದಲ್ಲಿ ಮರ್ಯಾದಸ್ಥರೆನಿಸಿಕೊಂಡ ನಮ್ಮ ಸ್ಥಿತಿಯೂ ಇದೇ ಅಲ್ಲವೇ? ಕುಡುಕನ ದೋಷ ಬೀದಿಗೆ ಕಾಣುತ್ತದೆ. ಸಜ್ಜನನ ಅಹಂಕಾರ ಸಜ್ಜನನಿಗೇ ಕಾಣುವುದಿಲ್ಲ.

ಇನ್ನು ಕೆಲಸದ ಕ್ರಮ. ಮೊದಲನೆಯದು ತೊಳೆಯುವುದು. ಬಿಸಿಲಿನಲ್ಲಿ ಕಾದ ಕಾರನ್ನು ಮುಟ್ಟಬಾರದು; ನೆರಳಿನಲ್ಲಿ ಮೈ ತಣ್ಣಗಾಗಿರಬೇಕು. ಆಶ್ವಯುಜದಲ್ಲಿ ಇಲ್ಲಿ ತುಲಾವರ್ಷದ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುವುದರಿಂದ ಬೆಳಗಿನ ಹೊತ್ತೇ ಉತ್ತಮ. ಮೊದಲು ಬರಿಯ ನೀರು ಹಾಯಿಸಿ ಮರಳು, ಉಪ್ಪುಗಳನ್ನು ಇಳಿಸಬೇಕು. ಅನಂತರ ಎರಡು ಬಕೆಟ್: ಒಂದರಲ್ಲಿ ಕಾರಿನ ಶಾಂಪೂ ಕಲಸಿದ ನೀರು, ಇನ್ನೊಂದರಲ್ಲಿ ಬಟ್ಟೆಯನ್ನು ಜಾಲಿಸಲು ಬರಿಯ ನೀರು. ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಒಂದೇ ಬಕೆಟ್ಟಿನಲ್ಲಿ ಅದ್ದಿ ಅದ್ದಿ ಒರೆಸಿದರೆ ಚಕ್ರದ ಬಳಿಯ ಮರಳನ್ನೇ ಬಾನೆಟ್ಟಿಗೆ ಉಜ್ಜಿದಂತಾಗಿ, ತೊಳೆಯುವ ಕ್ರಿಯೆಯೇ ಗೀರಿಗೆ ಕಾರಣವಾಗುತ್ತದೆ. ನಮ್ಮ ಕೈಬಟ್ಟೆಯನ್ನು ಜಾಲಿಸಿಕೊಳ್ಳದೆ ಇನ್ನೊಬ್ಬರ ಮೈ ಒರೆಸಲು ಹೋಗಬಾರದೆಂಬ ನೀತಿ ಇಲ್ಲಿದೆ. ಕೋಪವನ್ನು ಇಟ್ಟುಕೊಂಡೇ ಮಕ್ಕಳನ್ನು ತಿದ್ದಲು ಹೊರಡುವ ತಂದೆತಾಯಿಗಳು ಇದನ್ನು ಗಮನಿಸಬೇಕು.

ತೊಳೆದು ಒರೆಸಿದ ಕಾರು ಬೆಳ್ಳಗೆ ಕಾಣುತ್ತದೆ. ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬಾನೆಟ್ಟಿನ ಮೇಲೆ ಮೆಲ್ಲನೆ ಸವರಿ ನೋಡಿ. ಕಣ್ಣಿಗೆ ನುಣುಪಾಗಿ ಕಂಡದ್ದು ಬೆರಳಿಗೆ ಒರಟಾಗಿ ತಾಗುತ್ತದೆ. ಬ್ರೇಕಿನಿಂದಲೂ ರೈಲು ಹಳಿಗಳಿಂದಲೂ ಹಾರಿಬಂದ ಸೂಕ್ಷ್ಮ ಕಬ್ಬಿಣದ ಚೂರುಗಳು, ಡಾಂಬರಿನ ಹನಿ, ಮರದ ಅಂಟು ಇವು ಬಣ್ಣದಲ್ಲಿ ನಾಟಿಕೊಂಡಿರುತ್ತವೆ. ತಿಳಿಬಣ್ಣದ ಮೇಲೆ ಕೆಲವು ಕಾಲದ ನಂತರ ಕಾಣಿಸುವ ಕಿತ್ತಳೆ ಬಣ್ಣದ ಚುಕ್ಕೆಗಳು ಈ ಚೂರುಗಳು ತುಕ್ಕುಹಿಡಿದ ಗುರುತೇ ಆಗಿವೆ. ಇವು ಸೋಪಿಗೆ ಬಗ್ಗುವುದಿಲ್ಲ. ಕ್ಲೇ ಬಾರ್ ಎಂಬ ಜೇಡಿಯಂತಹ ಮುದ್ದೆಯನ್ನು, ಜಾರುವ ದ್ರವವನ್ನು ಸಿಂಪಡಿಸಿ, ಒತ್ತಡವಿಲ್ಲದೆ ಮೇಲ್ಮೈಯಲ್ಲಿ ಜಾರಿಸಿದರೆ ಅದು ಒಂದೊಂದಾಗಿ ಎತ್ತಿಕೊಳ್ಳುತ್ತದೆ. ಮುದ್ದೆ ನೆಲಕ್ಕೆ ಬಿದ್ದರೆ ಮತ್ತೆ ಬಳಸಬಾರದು. ಅದಕ್ಕೆ ಅಂಟಿದ ಮರಳು ಗೀರು ಹಾಕುತ್ತದೆ.

ಬಂಧುಗಳೇ, ಸ್ನಾನ, ಸಂಧ್ಯೆ, ಉಪವಾಸ ಇವು ತೊಳೆಯುವ ಕೆಲಸ. ಅವು ಅತ್ಯವಶ್ಯ. ಆದರೆ ನಾಟಿಕೊಂಡ ವಾಸನೆಗಳು ಅಷ್ಟಕ್ಕೇ ಹೋಗವು. ಮಲಗುವ ಮುನ್ನ ಕಣ್ಣುಮುಚ್ಚಿ, ಈ ದಿನ ಯಾರಿಗೆ ಯಾವ ಮಾತು ಆಡಿದೆನೆಂದು ಮನಸ್ಸಿನ ಮೇಲೆ ಕೈಯಾಡಿಸಬೇಕು. ಎಲ್ಲಿ ಒರಟು ತಾಗುವುದೋ ಅಲ್ಲಿ ಒಂದು ಕಬ್ಬಿಣದ ಚೂರಿದೆಯೆಂದು ತಿಳಿಯಬೇಕು.

ಮೂರನೆಯದು ಪಾಲಿಶ್. ಇಲ್ಲಿಯೇ ಬಹುಮಂದಿಗೆ ತಪ್ಪು ತಿಳಿವಳಿಕೆಯಿದೆ. ಪಾಲಿಶ್ ಎಂದರೆ ಹೊಳಪನ್ನು ಹಚ್ಚುವುದೆಂದು ಅವರು ಭಾವಿಸುತ್ತಾರೆ. ವಾಸ್ತವದಲ್ಲಿ ಪಾಲಿಶ್ ಏನನ್ನೂ ಹಚ್ಚುವುದಿಲ್ಲ, ತೆಗೆಯುತ್ತದೆ. ಅದರೊಳಗಿನ ಅತಿಸೂಕ್ಷ್ಮವಾದ ಉಜ್ಜುಪುಡಿಯು ಬಿಸಿಲಿಗೆ ಮಂಕಾದ ಮೇಲ್ಪದರವನ್ನು ಕೂದಲೆಳೆಗಿಂತಲೂ ಎಷ್ಟೋ ತೆಳುವಾಗಿ ಸವೆಸುತ್ತದೆ. ಅದರಡಿಯ ಬಣ್ಣವೇ ಬೆಳಕಿಗೆ ಬರುತ್ತದೆ. ಹಳೆಯ ಕಾಲದ ಅಂಬಾಸಿಡರ್ ಕಾರನ್ನು ಉಜ್ಜಿದವರಿಗೆ ಬಟ್ಟೆಗೆ ಬಣ್ಣವೇ ಅಂಟುತ್ತಿದ್ದುದು ನೆನಪಿರಬಹುದು. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿದೆ. ಸಾಮಾನ್ಯವಾಗಿ ಅದರ ದಪ್ಪ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ.

ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿ ಭಗವಂತನು, ಧೂಳು ಕನ್ನಡಿಯನ್ನು ಮುಸುಕುವಂತೆ ಕಾಮವು ಜ್ಞಾನವನ್ನು ಮುಸುಕಿದೆಯೆಂದು ಹೇಳುತ್ತಾನೆ. ಕನ್ನಡಿಗೆ ಹೊಳಪನ್ನು ಹೊರಗಿನಿಂದ ತರಬೇಕಿಲ್ಲ. ಮುಸುಕಿದ್ದನ್ನು ತೆಗೆದರೆ ಸಾಕು. ಭಕ್ತಿಯೂ ಹೀಗೆಯೇ. ಪ್ರಶಸ್ತಿ, ಪದವಿ, ಶಾಲು, ಹಾರಗಳನ್ನು ಹಚ್ಚಿಕೊಂಡು ಬೆಳಗುತ್ತೇವೆಂಬುದು ಭ್ರಮೆ. ನಮ್ಮಿಂದ ಏನು ಕಳೆಯಿತೋ ಅಷ್ಟೇ ನಮ್ಮ ಬೆಳಕು.

ಆದರೆ ಇಲ್ಲಿ ಮಿತಿಯೂ ಇದೆ. ಪದರ ತೆಳುವಾದುದರಿಂದ ಮೊದಲು ಒಂದು ಮೂಲೆಯಲ್ಲಿ, ಅತ್ಯಂತ ಮೃದುವಾದ ಪಾಲಿಶಿನಿಂದ ಪರೀಕ್ಷಿಸಬೇಕು. ಒಂದೂವರೆ ಅಡಿ ಚೌಕದಷ್ಟು ಜಾಗವನ್ನು ಮುಗಿಸಿ ಮುಂದಿನದಕ್ಕೆ ಹೋಗಬೇಕು. ಅಂಚುಗಳಲ್ಲಿ, ಮಡಿಕೆಗಳಲ್ಲಿ ಬಣ್ಣ ಇನ್ನೂ ತೆಳು. ಅಲ್ಲಿ ಕೈ ಹಗುರವಾಗಿರಬೇಕು. ಪ್ರತಿ ತಿಂಗಳೂ ಪಾಲಿಶ್ ಮಾಡುವವನು ಹೊಳಪಿನ ಆಸೆಯಿಂದ ಬಣ್ಣವನ್ನೇ ಕಳೆದುಕೊಳ್ಳುತ್ತಾನೆ. ಅತಿಯಾದ ಆತ್ಮನಿಂದೆ, ಅತಿಯಾದ ದೇಹದಂಡನೆಗಳೂ ಹಾಗೆಯೇ. ಗೀತೆಯು ಅತಿಯಾಗಿ ಉಣ್ಣುವವನಿಗೂ ಉಣ್ಣದೇ ಇರುವವನಿಗೂ ಯೋಗವಿಲ್ಲವೆಂದು ಹೇಳಿರುವುದನ್ನು ಮರೆಯಬಾರದು.

ನಾಲ್ಕನೆಯದು ರಕ್ಷೆ. ಪಾಲಿಶ್ ಆದ ಮೈ ಬೆತ್ತಲೆಯಾಗಿರುತ್ತದೆ. ಪಾಲಿಶಿನ ಜಿಡ್ಡನ್ನು ಪೂರ್ತಿಯಾಗಿ ಒರೆಸಿ, ಅನಂತರ ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಯ ಎಲೆಯಿಂದ ದೊರೆಯುವ ಕಾರ್ನೌಬಾ ಮೇಣವನ್ನಾಗಲಿ, ರಾಸಾಯನಿಕವಾದ ಸೀಲಂಟನ್ನಾಗಲಿ ಅತಿ ತೆಳುವಾಗಿ ಸವರಬೇಕು. ದಪ್ಪವಾಗಿ ಬಳಿದರೆ ಹೆಚ್ಚು ರಕ್ಷಣೆ ದೊರೆಯುವುದಿಲ್ಲ; ಒರೆಸುವ ಶ್ರಮ ಮಾತ್ರ ಹೆಚ್ಚುತ್ತದೆ. ಬಿಳಿಯ ಕಾರಿನಲ್ಲಿ ಒಣಗಿದ ಮೇಣ ನೇರವಾಗಿ ನೋಡಿದರೆ ಕಾಣದು. ತಲೆಬಾಗಿಸಿ ಓರೆಯಾಗಿ, ಟಾರ್ಚಿನ ಬೆಳಕಿನಲ್ಲಿ ನೋಡಬೇಕು. ಕಪ್ಪು ರಬ್ಬರಿಗೆ ತಾಗಿದರೆ ಬಿಳಿಯ ಕಲೆ ನಿಲ್ಲುವುದರಿಂದ ಮೊದಲೇ ಟೇಪು ಅಂಟಿಸುವುದು ಲೇಸು. ಎಲ್ಲಕ್ಕಿಂತ ಮುಖ್ಯವಾದುದೇನೆಂದರೆ, ಕೊಳೆಯ ಮೇಲೆ ಮೇಣ ಬಳಿದರೆ ಕೊಳೆಯೇ ಭದ್ರವಾಗುತ್ತದೆ. ನಮ್ಮ ಎದುರಿನಲ್ಲಿರುವ ಕೊಚ್ಚಿನ್ ಷಿಪ್‌ಯಾರ್ಡಿನಲ್ಲಿ ಕಟ್ಟಿ 2022ರಲ್ಲಿ ನೌಕಾಪಡೆಗೆ ಸೇರಿದ ವಿಕ್ರಾಂತದಂತಹ ಮಹಾನೌಕೆಯಾಗಲಿ, ಮೀನುಗಾರನ ಸಣ್ಣ ಉಕ್ಕಿನ ದೋಣಿಯಾಗಲಿ, ತುಕ್ಕನ್ನು ಕೆರೆದು ತೆಗೆದ ಮೇಲೆಯೇ ಬಣ್ಣ ಬಳಿಯಬೇಕೆಂಬುದು ಕಡಲಿನ ಕೆಲಸಗಾರರೆಲ್ಲರೂ ಬಲ್ಲ ಮಾತು. ಒಳಗಿನ ದ್ವೇಷವನ್ನು ತೆಗೆಯದೆ ಮೇಲೆ ಮಡಿಯ ಲೇಪವನ್ನು ಬಳಿದುಕೊಂಡವನು ಆ ದ್ವೇಷವನ್ನೇ ಕಾಪಾಡುತ್ತಾನೆ.

ರಕ್ಷೆಯ ಮಹತ್ತ್ವಕ್ಕೆ ಈ ಹಬ್ಬದ ಪುರಾಣಕಥೆಯೇ ಸಾಕ್ಷಿ. ಪಾಂಡವರು ಅಜ್ಞಾತವಾಸಕ್ಕಾಗಿ ವಿರಾಟನಗರವನ್ನು ಹೊಗುವ ಮುನ್ನ ತಮ್ಮ ಆಯುಧಗಳನ್ನು ಶಮೀವೃಕ್ಷದಲ್ಲಿ ಬಚ್ಚಿಟ್ಟ ಕಥೆ ಎಲ್ಲರಿಗೂ ಗೊತ್ತು. ಆದರೆ ವ್ಯಾಸಮಹರ್ಷಿಗಳು ಇನ್ನೊಂದು ಸಂಗತಿಯನ್ನೂ ಹೇಳಿದ್ದಾರೆ. ಮರವನ್ನೇರಿದ ನಕುಲನು ಮಳೆಯ ಎರಚಲು ತಾಗದ ಎಡೆಯನ್ನು ಹುಡುಕಿ, ಅಲ್ಲಿ ಬಿಲ್ಲುಗಳನ್ನು ಬಿಗಿಯಾಗಿ ಕಟ್ಟಿದನು. ಪರಸ್ಥಳದಲ್ಲಿ ವೇಷಮರೆಸಿಕೊಂಡು ಬದುಕಬೇಕಾದ ವರ್ಷದ ಮೊದಲ ಕೆಲಸ ಅದಾಗಿತ್ತು. ಆದಕಾರಣವೇ ಉತ್ತರಕುಮಾರನು ಕಟ್ಟನ್ನು ಬಿಚ್ಚಿದಾಗ ಆ ಬಿಲ್ಲುಗಳು ಸೂರ್ಯನಂತೆ ಬೆಳಗಿದವು. ಊರುಬಿಟ್ಟು ಬಂದ ನಮಗೂ ಇದು ಪಾಠ. ಮನೆಯಲ್ಲಿ ಆಡುವ ಕನ್ನಡ, ಸಂಜೆಯ ದೀಪ, ಹಿರಿಯರಿಗೆ ಮಾಡುವ ನಮಸ್ಕಾರ ಇವು ನಮ್ಮ ಬಿಲ್ಲುಗಳು. ಎರಚಲು ತಾಗದ ಎಡೆಯಲ್ಲಿ ಅವನ್ನು ಕಟ್ಟಿಡದಿದ್ದರೆ ಬೇಕಾದ ದಿನ ಬಿಚ್ಚಿ ನೋಡಿದಾಗ ತುಕ್ಕು ಮಾತ್ರ ಉಳಿದಿರುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ಎಚ್ಚರಿಕೆ ಉಳಿದಿದೆ. ಉಪ್ಪುಗಾಳಿಯ ಊರಿನಲ್ಲಿ ಕಾರು ಮೊದಲು ಸಾಯುವುದು ಬಾನೆಟ್ಟಿನಲ್ಲಲ್ಲ; ಬಾಗಿಲಿನ ಕೆಳಗಿನ ಅಂಚಿನಲ್ಲಿ, ಚಕ್ರದ ಕಮಾನಿನೊಳಗೆ, ಯಾರೂ ನೋಡದ ಅಡಿಭಾಗದಲ್ಲಿ. ಅಲ್ಲಿಗೆ ಪಾಲಿಶಿಲ್ಲ, ಹಾರವಿಲ್ಲ. ಬಾಗಿ, ಮಂಡಿಯೂರಿ, ಸಿಹಿನೀರು ಹಾಯಿಸುವವರು ಬೇಕು. ನಮ್ಮ ಬಾಳಿನ ಅಡಿಭಾಗ ಯಾವುದು? ಸಭೆಯಲ್ಲಿ ಮಧುರವಾಗಿ ಮಾತನಾಡಿದವನು ಮನೆಗೆ ಬಂದು ಹೆಂಡತಿಯೊಡನೆ ಆಡುವ ಮಾತು. ಊರಿನಲ್ಲಿ ಒಂಟಿಯಾಗಿರುವ ತಾಯಿಗೆ ಮಾಡದೆ ಉಳಿದ ಫೋನು. ಮುಂಜಾನೆ ಬಂದು ನಮ್ಮ ಕಾರನ್ನು ತೊಳೆದುಹೋಗುವ ಹುಡುಗನ ಹೆಸರನ್ನೂ ಕೇಳದೆ ಹಾಕುವ ಗೇಟು. ತುಕ್ಕು ಹಿಡಿಯುವುದು ಅಲ್ಲಿ.

ಪೂಜೆಯ ದಿನದ ವಿಷಯವಾಗಿ ಎರಡು ಮಾತು. ರಕ್ಷೆಯ ಲೇಪವನ್ನು ಹಬ್ಬಕ್ಕೆ ಎರಡು ದಿನ ಮೊದಲೇ ಮುಗಿಸಿದರೆ ಅದು ಗಟ್ಟಿಯಾಗಲು ಅವಕಾಶವಾಗುತ್ತದೆ. ಒದ್ದೆ ಅರಿಸಿನ, ಕುಂಕುಮ, ಬಾಡಿದ ಹೂಗಳನ್ನು ತಿಳಿಬಣ್ಣದ ಮೇಲೆ ದಿನಗಟ್ಟಲೆ ಬಿಟ್ಟರೆ ಕಲೆಯಾಗುತ್ತದೆ. ಗಾಜಿನ ಮೇಲೆ ತಿಲಕವಿಟ್ಟರೂ ದೇವಿಯು ಸ್ವೀಕರಿಸುತ್ತಾಳೆ. ಬೂದುಗುಂಬಳವನ್ನು ನಡುರಸ್ತೆಯಲ್ಲಿ ಒಡೆದು ಬಿಟ್ಟುಹೋಗಬೇಡಿ. ಅದರ ಮೇಲೆ ಜಾರಿಬೀಳುವ ಸ್ಕೂಟರಿನವನ ವಾಹನಕ್ಕೂ ಅಂದು ಪೂಜೆಯಾಗಿರುತ್ತದೆ. ನಮ್ಮ ದೃಷ್ಟಿ ಕಳೆಯಲು ಇನ್ನೊಬ್ಬನ ಮೂಳೆ ಮುರಿಯುವುದು ಧರ್ಮವಲ್ಲ.

ಮೇಣದ ರಕ್ಷೆ ಕೆಲವು ವಾರ, ಸೀಲಂಟಿನದು ಕೆಲವು ತಿಂಗಳು. ಮಳೆಹನಿಗಳು ಮುತ್ತಿನಂತೆ ಉರುಳದೆ ಹಾಳೆಯಂತೆ ಹರಡತೊಡಗಿದಾಗ ಅದು ಮುಗಿಯಿತೆಂದು ತಿಳಿದು ಮತ್ತೆ ಹಚ್ಚಬೇಕು. ಒಮ್ಮೆ ಮಾಡಿ ಮುಗಿಸಿಬಿಡುವ ಶುದ್ಧಿ ಲೋಕದಲ್ಲಿಲ್ಲ. ಅಭ್ಯಾಸವು ಬಹುಕಾಲ, ಎಡೆಬಿಡದೆ, ಆದರದಿಂದ ನಡೆದರೆ ಮಾತ್ರ ನೆಲೆಗೊಳ್ಳುವುದೆಂದು ಪತಂಜಲಿ ಮಹರ್ಷಿಗಳು ಅಪ್ಪಣೆ ಕೊಡಿಸಿದ್ದಾರೆ. ಪದೇ ಪದೇ ತೊಳೆಯಿರಿ, ಆಗಾಗ ರಕ್ಷೆ ಕೊಡಿರಿ, ಅಪರೂಪಕ್ಕೆ ಉಜ್ಜಿರಿ. ಕಾರಿಗೂ ಇದೇ, ಮನಸ್ಸಿಗೂ ಇದೇ.

ರಥವು ಹೊಳೆಯುವುದು ರಥಿಕನು ತಲುಪಬೇಕಾದ ಎಡೆಯನ್ನು ತಲುಪಲೆಂದು. ಮಹಿಷಮರ್ದಿನಿಯಾದ ಶ್ರೀ ಚಾಮುಂಡೇಶ್ವರಿಯು ನಮ್ಮ ಕಾಣುವ ಮೈಯನ್ನೂ ಕಾಣದ ಅಡಿಭಾಗವನ್ನೂ ಸಮನಾಗಿ ಶುದ್ಧಗೊಳಿಸಿ, ಪರಸ್ಥಳದಲ್ಲಿರುವ ತನ್ನ ಮಕ್ಕಳೆಲ್ಲರಿಗೂ ಸನ್ಮಂಗಳವನ್ನು ಕರುಣಿಸಲಿ.

ಶುಭಮಸ್ತು.