ಸಾರಿಗೆ ಯೋಜನೆಯ ಪರಿಷ್ಕರಣೆ ಮತ್ತು ತಲೆಮಾರುಗಳ ಋಣ

ಹಿಂದಿನವರು ಕೊಟ್ಟ ಮಾತಿಗೆ ಮುಂದಿನವರು ಎಷ್ಟರಮಟ್ಟಿಗೆ ಬದ್ಧರು ಎಂಬುದು ಧರ್ಮಚಿಂತನೆಯ ಹಳೆಯ ಪ್ರಶ್ನೆಗಳಲ್ಲಿ ಒಂದು. ಮನೆತನದ ಆಸ್ತಿ ಮತ್ತು ಸಾಲಗಳ ಸಂದರ್ಭದಲ್ಲಿ ಶಾಸ್ತ್ರಕಾರರು ಚರ್ಚಿಸಿದ ಈ ಪ್ರಶ್ನೆಯು, ಎರಡು ಮೂರು ದಶಕಗಳ ಮುಂದನ್ನು ನೋಡಿ ರೂಪಿಸುವ ಪ್ರಾದೇಶಿಕ ಸಾರಿಗೆ ಯೋಜನೆಯ ವಿಷಯದಲ್ಲೂ ಅಷ್ಟೇ ಗಂಭೀರವಾಗಿ ಏಳುತ್ತದೆ. ಏಕೆಂದರೆ ಅಂಥ ಯೋಜನೆಯನ್ನು ಬರೆದವರು, ಅದಕ್ಕೆ ಹಣ ತೆತ್ತವರು ಮತ್ತು ಅದರ ಫಲ ಉಣ್ಣುವವರು ಬಹುಮಟ್ಟಿಗೆ ಬೇರೆ ಬೇರೆ ಜನ.

ಥಾಣೆ ಖಾಡಿ ಎಂದು ಕರೆಯಲಾಗುವ ಸಮುದ್ರದ ಒಳಚಾಚಿನ ಪೂರ್ವ ದಡದಲ್ಲಿರುವ ಐರೋಲಿಯು ನವಿ ಮುಂಬಯಿಯ ಉತ್ತರ ಭಾಗದ ಬಡಾವಣೆ. ಥಾಣೆಯಿಂದ ವಾಶಿಗೆ ಹೋಗುವ ಟ್ರಾನ್ಸ್ ಹಾರ್ಬರ್ ರೈಲು ಮಾರ್ಗ 2004ರಲ್ಲಿ ಆರಂಭವಾದ ಮೇಲೆ ಇಲ್ಲಿಯ ಕಾರ್ಖಾನೆ ಮತ್ತು ಐಟಿ ಕಚೇರಿಗಳಿಗೆ ಬರುವುದು ಸುಲಭವಾಯಿತು. ಆದರೆ ಕಲ್ಯಾಣ್, ಡೊಂಬಿವಲಿಗಳಿಂದ ಲೋಕಲ್ ಹಿಡಿದು ಬರುವವರು, ಅಲ್ಲಿ ದಶಕಗಳಿಂದ ನೆಲೆಸಿರುವ ಕನ್ನಡಿಗರೂ ಸೇರಿದಂತೆ, ಥಾಣೆಯಲ್ಲಿ ಇಳಿದು ಜನಜಂಗುಳಿಯ ನಡುವೆ ಇನ್ನೊಂದು ಗಾಡಿ ಹಿಡಿಯಬೇಕಾಯಿತು. ಈ ಕಷ್ಟವನ್ನು ನೀಗಿಸಲು, ಥಾಣೆಗೆ ಹೋಗದೆಯೇ ಕಲ್ಯಾಣ್ ಕಡೆಯ ಮಾರ್ಗವನ್ನು ಸೇರುವ ಐರೋಲಿ–ಕಳ್ವಾ ನಡುವಿನ ರೈಲು ಸಂಪರ್ಕವನ್ನು ಮುಂಬಯಿ ನಗರ ಸಾರಿಗೆ ಯೋಜನೆಯ ಮೂರನೆಯ ಹಂತದಲ್ಲಿ ಸೇರಿಸಿ, 2016ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಅದರ ಭಾಗವಾದ ದಿಘಾ ಗಾಂವ್ ನಿಲ್ದಾಣ 2024ರ ಜನವರಿಯಲ್ಲಿ ತೆರೆಯಿತಾದರೂ, ಮಾರ್ಗ ಹಾಯಬೇಕಾದ ಜಾಗದಲ್ಲಿ ಮನೆ ಮಾಡಿಕೊಂಡಿದ್ದ ಬಡ ಕುಟುಂಬಗಳ ಪುನರ್ವಸತಿ ಬಗೆಹರಿಯದೆ ಕಳ್ವಾ ಕಡೆಯ ಕೆಲಸ ವರ್ಷಗಟ್ಟಲೆ ನಿಂತಿತು.

ಇದೇ ಅವಧಿಯಲ್ಲಿ ಇಡೀ ಪ್ರದೇಶದ ಯೋಜನೆಯೂ ಬದಲಾಗುತ್ತಿತ್ತು. ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವು 2008ರಲ್ಲಿ ಮುಗಿಸಿದ ಸಮಗ್ರ ಸಾರಿಗೆ ಅಧ್ಯಯನ 2031ರವರೆಗಿನ ಅಗತ್ಯಗಳನ್ನು ಲೆಕ್ಕ ಹಾಕಿತ್ತು. ಮುಂದೆ ಅದನ್ನು ಪರಿಷ್ಕರಿಸಿ ದೃಷ್ಟಿಯನ್ನು 2041ಕ್ಕೆ ಚಾಚಲಾಯಿತು. ಪರಿಷ್ಕರಣೆ ಎಂದರೆ ಜನಸಂಖ್ಯೆ, ಉದ್ಯೋಗ, ಜನರ ಓಡಾಟಗಳನ್ನು ಹೊಸದಾಗಿ ಅಳೆದು, ಹಳೆಯ ಪ್ರಸ್ತಾವಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಕೈಬಿಡಬೇಕು ಎಂದು ತೀರ್ಮಾನಿಸುವುದು. ಹಾಗೆ ಕೈಬಿಡುವ ಅಧಿಕಾರಕ್ಕೆ ನೈತಿಕ ಮಿತಿ ಯಾವುದು ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಈ ಪ್ರಶ್ನೆಗೆ ಕನ್ನಡ ನೆಲದಲ್ಲೇ ಒಂದು ಅಳತೆಗೋಲು ದೊರೆಯುತ್ತದೆ. ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರಾ. ತಂದೆಯ ಸಾಲವನ್ನು ಮಕ್ಕಳು, ಮೊಮ್ಮಕ್ಕಳು ತೀರಿಸಬೇಕೆಂದು ವಿಧಿಸುವ ಈ ಪರಂಪರೆ, ಎಲ್ಲ ಸಾಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಕುಟುಂಬದ ಪೋಷಣೆಗೆಂದು ಮಾಡಿದ ಸಾಲ ವಾರಸುದಾರರನ್ನು ಕಟ್ಟುತ್ತದೆ; ಕುಡಿತ, ಜೂಜುಗಳಿಗಾಗಿ ಮಾಡಿದ ಸಾಲವಾಗಲಿ ವ್ಯರ್ಥ ದಾನದ ಮಾತಾಗಲಿ ಕಟ್ಟುವುದಿಲ್ಲ. ಸಾಲ ಮಾಡಿದವನ ಹಿರಿತನಕ್ಕಿಂತ ಅದರ ಉದ್ದೇಶವೇ ಇಲ್ಲಿ ನಿರ್ಣಾಯಕ.

ಸಾರಿಗೆ ಯೋಜನೆಯಲ್ಲೂ ಇಂಥ ವಿವೇಚನೆ ಅಗತ್ಯ. ಅದರಲ್ಲಿ ಊಹೆಗಳಿವೆ, ವಚನಗಳೂ ಇವೆ. ಇಷ್ಟು ಪ್ರಯಾಣಿಕರು ಬಂದಾರು ಎಂಬುದು ಊಹೆ. ಕೋವಿಡ್ ನಂತರ ಐಟಿ ನೌಕರರಲ್ಲಿ ಮನೆಯಿಂದ ಕೆಲಸ ಮಾಡುವ ರೂಢಿ ಹೆಚ್ಚಿದಂತೆ, ಕಾಲ ಬದಲಾದಾಗ ಅದನ್ನು ತಿದ್ದದಿರುವುದೇ ತಪ್ಪು. ಕೇವಲ ಪ್ರತಿಷ್ಠೆಗೆಂದು ಸೇರಿಸಿದ ಕಾಮಗಾರಿ ಯಾರನ್ನೂ ಕಟ್ಟದು. ಆದರೆ ಡೊಂಬಿವಲಿಯ ದುಡಿಯುವ ಜನಕ್ಕೆ ಐರೋಲಿಗೆ ನೇರ ಗಾಡಿ ಕೊಡುತ್ತೇವೆಂಬುದು ವಚನ. ಜಾಗ ಬಿಟ್ಟುಕೊಡುವ ಕುಟುಂಬಕ್ಕೆ ಬೇರೆ ಮನೆ ಕೊಡುತ್ತೇವೆಂಬುದು ಅದಕ್ಕಿಂತ ಮುಂಚೆ ಸಲ್ಲಬೇಕಾದ ವಚನ. ಅದೇ ರೀತಿ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಥಾಣೆ ಖಾಡಿಯ ಕಾಂಡ್ಲಾ ಕಾಡು, ಫ್ಲೆಮಿಂಗೋಗಳ ವಿಷಯದಲ್ಲಿ ಈ ತಲೆಮಾರು ಹೊತ್ತ ಹೊಣೆಯೂ ವಚನವೇ. ಇವುಗಳನ್ನು ನಡೆಸುವ ದಾರಿ ಬದಲಾಗಬಹುದು, ಸೇತುವೆಯ ಬದಲು ಬೇರೆ ಜಾಡು, ರೈಲಿನ ಜೊತೆಗೆ ಬಸ್ಸು ಬರಬಹುದು. ಹೊಸ ಗಡುವಿನ ನೆಪದಲ್ಲಿ ಋಣ ಮಾತ್ರ ಅಳಿಯಲಾರದು.

ಆದ್ದರಿಂದ ಪರಿಷ್ಕರಿಸಿದ ಪ್ರತಿಯೊಂದು ಯೋಜನೆಯೂ ಹೊಸ ಪ್ರಸ್ತಾವಗಳನ್ನು ಹೇಳುವ ಮೊದಲು, ಹಳೆಯ ಯಾವ ವಚನ ಈಡೇರಿತು, ಯಾವುದು ಬಾಕಿ ಉಳಿಯಿತು, ಆ ವಿಳಂಬದ ಭಾರವನ್ನು ಯಾರು ಹೊತ್ತರು ಎಂಬ ಲೆಕ್ಕವನ್ನು ಜನರ ಮುಂದಿಡಬೇಕು. ಆ ಲೆಕ್ಕವಿಲ್ಲದ ಪರಿಷ್ಕರಣೆ ತಾಂತ್ರಿಕವಾಗಿ ಎಷ್ಟೇ ನಿಖರವಾಗಿದ್ದರೂ ಧರ್ಮದ ದೃಷ್ಟಿಯಲ್ಲಿ ಅಪೂರ್ಣ.