ದಡದ ಮೇಲಿನ ಊರು

ತಟಸ್ಥ ಎಂದರೆ ದಡದಲ್ಲಿ ನಿಂತವನು, ಮಧ್ಯಸ್ಥ ಎಂದರೆ ನಡುವೆ ನಿಂತವನು. ದಿನದ ಮಾತಿನಲ್ಲಿ ಎರಡನ್ನೂ ಒಂದೇ ಅರ್ಥಕ್ಕೆ ಬಳಸಿಬಿಡುತ್ತೇವೆ. ಹೊಳೆಯಲ್ಲಿ ಯಾರೋ ಕೊಚ್ಚಿಹೋಗುತ್ತಿರುವಾಗ ಮಾತ್ರ ಇಬ್ಬರ ನಡುವಿನ ಅಂತರ ಕಾಣುತ್ತದೆ. ಲೋಕಕ್ಕೆಲ್ಲ ಸೇರಿದ ಸಂಸ್ಥೆಗಳು ಯೂರೋಪಿನ ಒಂದು ಮೂಲೆಯಲ್ಲಿ, ಜಿನೀವಾ ಸರೋವರದ ದಡದಲ್ಲಿ, ಏಕೆ ಒತ್ತೊತ್ತಾಗಿ ನೆಲೆಸಿದವು ಎಂಬುದನ್ನು ಭೂಗೋಳದ ಪ್ರಶ್ನೆಯೆಂದು ತಿಳಿಯುವುದು ವಾಡಿಕೆ. ನನಗದು ಧರ್ಮದ ಪ್ರಶ್ನೆಯಾಗಿ ಕಾಣುತ್ತದೆ: ನ್ಯಾಯ ಹೇಳುವವರು ಎಲ್ಲಿ ನಿಂತು ಹೇಳಬೇಕು?

ಜಿನೀವಾ ಊರಿಗೆ ಈ ಪಟ್ಟ ಪುಕ್ಕಟೆಯಾಗಿ ಬಂದದ್ದಲ್ಲ. ಹದಿನಾರನೆಯ ಶತಮಾನದಲ್ಲಿ ಧರ್ಮಸುಧಾರಕ ಕ್ಯಾಲ್ವಿನ್‌ನ ಜಿನೀವಾ, ಫ್ರಾನ್ಸ್ ಮತ್ತು ಇಟಲಿಯಿಂದ ಧರ್ಮದ ಕಾರಣಕ್ಕೆ ಓಡಿಬಂದವರಿಗೆ ಆಸರೆ ಕೊಟ್ಟಿತು. ಸೊಲ್ಫೆರಿನೊ ಯುದ್ಧಭೂಮಿಯಲ್ಲಿ ಗಾಯಾಳುಗಳ ನರಳಾಟ ಕಂಡ ಆನ್ರಿ ಡ್ಯುನಾನ್ ಕ್ಯಾಲ್ವಿನ್‌ನ ಶ್ರದ್ಧೆಯಲ್ಲೇ ಬೆಳೆದವನು. 1863ರಲ್ಲಿ ಅವನೂ ಸೇರಿ ಐವರು ಕಟ್ಟಿದ ಸಮಿತಿಯೇ ರೆಡ್‌ಕ್ರಾಸ್ ಆಯಿತು. ಮರುವರ್ಷ ಮೊದಲ ಜಿನೀವಾ ಒಪ್ಪಂದಕ್ಕೆ ಸಹಿ ಬಿದ್ದದ್ದು ಪುರಭವನದ ಒಂದು ಕೋಣೆಯಲ್ಲಿ. 1872ರಲ್ಲಿ ಅದೇ ಕೋಣೆಯಲ್ಲಿ ಅಮೆರಿಕ ಮತ್ತು ಬ್ರಿಟನ್ ನಡುವಿನ ‘ಅಲಬಾಮಾ’ ಹಡಗಿನ ತಕರಾರು ಯುದ್ಧವಿಲ್ಲದೆ ಇತ್ಯರ್ಥವಾಯಿತು. ಬ್ರಿಟನ್ ಒಂದೂವರೆ ಕೋಟಿ ಡಾಲರಿಗೂ ಹೆಚ್ಚು ಪರಿಹಾರ ತೆತ್ತಿತು. ಒಂದು ಕೋಣೆ, ಒಂದು ಮೇಜು, ಎರಡು ಕಡೆಯವರೂ ನಂಬಿದ ಪಂಚರು. ಆಗ ಜಿನೀವಾ ಮಧ್ಯಸ್ಥರ ಊರಾಗಿತ್ತು. 1919ರಲ್ಲಿ ರಾಷ್ಟ್ರಸಂಘಕ್ಕೆ ನೆಲೆ ಹುಡುಕುವಾಗ ಬ್ರಸೆಲ್ಸ್ ಕೂಡ ಕಣದಲ್ಲಿತ್ತು. ಪ್ರೆಸ್ಬಿಟೇರಿಯನ್ ಪಾದ್ರಿಯ ಮಗನಾದ ಅಮೆರಿಕದ ಅಧ್ಯಕ್ಷ ವಿಲ್ಸನ್ ಕ್ಯಾಲ್ವಿನ್‌ನ ಊರಿನ ಪರ ನಿಂತ. ಮುಂದೆ ಜಾಗತಿಕ ಚರ್ಚುಗಳ ಒಕ್ಕೂಟವೂ ಅಲ್ಲೇ ನೆಲೆಯೂರಿತು.

ಅಲ್ಲಿಂದ ಮುಂದಿನದು ಸಂತೆಯ ನಿಯಮ. ಹತ್ತು ಅಂಗಡಿ ಇದ್ದಲ್ಲಿ ಹನ್ನೊಂದನೆಯದೂ ಬರುತ್ತದೆ. ಆರೋಗ್ಯ, ಕಾರ್ಮಿಕ, ನಿರಾಶ್ರಿತ, ಹವಾಮಾನ, ವ್ಯಾಪಾರ, ಹೀಗೆ ಒಂದರ ಹಿಂದೆ ಒಂದು ಸಂಸ್ಥೆ ಬಂತು. ಬರ್ನ್‌ನಲ್ಲಿದ್ದ ದೂರಸಂಪರ್ಕ ಒಕ್ಕೂಟವೂ 1948ರಲ್ಲಿ ಅಲ್ಲಿಗೇ ಬಂತು. ಇದರಲ್ಲಿ ತಪ್ಪೇನು ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಬಡ ದೇಶವೊಂದು ಹತ್ತು ಊರುಗಳಲ್ಲಿ ಹತ್ತು ಕಚೇರಿ ತೆರೆಯಲಾರದು. ಒಂದೇ ಊರಾದರೆ ನಾಲ್ಕೈದು ಜನ ರಾಜತಾಂತ್ರಿಕರೇ ಎಲ್ಲ ಸಭೆಗಳಿಗೂ ಹೋಗಿಬರಬಹುದು. ಇನ್ನೂ ಬಲವಾದ ಸಾಕ್ಷಿ 1988ರದು. ಯಾಸರ್ ಅರಾಫತ್‌ಗೆ ಅಮೆರಿಕ ವೀಸಾ ನಿರಾಕರಿಸಿದಾಗ ವಿಶ್ವಸಂಸ್ಥೆಯ ಮಹಾಸಭೆ ನ್ಯೂಯಾರ್ಕ್ ಬಿಟ್ಟು ಜಿನೀವಾದಲ್ಲಿ ಸೇರಿ ಅವರ ಮಾತು ಕೇಳಿತು. ತಟಸ್ಥ ನೆಲಕ್ಕೆ ಬೆಲೆಯಿದೆ ಎಂಬುದನ್ನು ಒಪ್ಪಲೇಬೇಕು. ಆದರೆ ಅದೇ ಘಟನೆ ಇನ್ನೊಂದನ್ನೂ ತೋರಿಸುತ್ತದೆ: ಬಾಗಿಲಿನ ಕೀಲಿ ಯಾವಾಗಲೂ ಮನೆಯೊಡೆಯನ ಕೈಯಲ್ಲೇ.

ಒಡೆಯ ಒಳ್ಳೆಯವನೇ ಆಗಿರಲಿ, ಅವನಿಗೂ ಅಂಜಿಕೆಗಳಿರುತ್ತವೆ. 1942ರ ಅಕ್ಟೋಬರ್ 14ರಂದು ರೆಡ್‌ಕ್ರಾಸ್ ಸಮಿತಿ ಜಿನೀವಾದಲ್ಲಿ ಸಭೆ ಸೇರಿತು. ನಾಗರಿಕರನ್ನು ಗಡೀಪಾರು ಮಾಡುತ್ತಿರುವುದರ ವಿರುದ್ಧ ಒಂದು ಬಹಿರಂಗ ಮನವಿಯ ಕರಡು ಮೇಜಿನ ಮೇಲಿತ್ತು. ಯೆಹೂದ್ಯರಿಗೆ ಏನಾಗುತ್ತಿದೆ ಎಂಬ ಸುದ್ದಿ ಆ ಹೊತ್ತಿಗೆ ಜಿನೀವಾ ತಲುಪಿತ್ತು. ಸಭೆಯಲ್ಲಿ ಸ್ವಿಸ್ ಅಧ್ಯಕ್ಷ ಫಿಲಿಪ್ ಎಟರ್ ಕೂಡ ಕುಳಿತಿದ್ದರು. ದೇಶದ ಸುತ್ತ ಬಹುಪಾಲು ಹಿಟ್ಲರನ ಮತ್ತು ಅವನ ಮಿತ್ರರ ಸೈನ್ಯವಿತ್ತು. ಮನವಿ ಹೊರಬೀಳಲಿಲ್ಲ. ಮಾತಾಡಿದ್ದರೆ ಯುದ್ಧಕೈದಿಗಳಿಗೆ ಸಿಗುತ್ತಿದ್ದ ನೆರವೂ ನಿಲ್ಲುತ್ತಿತ್ತು ಎಂಬ ಸಮರ್ಥನೆ ಉಂಟು. ಅದು ಹುಸಿ ಭಯವಲ್ಲ. ಆದರೂ ಆ ಮೌನ ಸೋಲೇ ಆಗಿತ್ತು ಎಂದು ಸಮಿತಿಯೇ ಮುಂದೆ ಒಪ್ಪಿಕೊಂಡಿತು. ಅಂದು ಜಿನೀವಾ ದಡದಲ್ಲಿ ನಿಂತುಬಿಟ್ಟಿತ್ತು. ಜೈನರ ಶಾಸ್ತ್ರಗ್ರಂಥವಾದ ತತ್ತ್ವಾರ್ಥಸೂತ್ರವು ಮಾಧ್ಯಸ್ಥ್ಯವನ್ನು, ಎಂದರೆ ನಡುವೆ ನಿಲ್ಲುವ ಗುಣವನ್ನು, ಒಂಟಿಯಾಗಿ ಹೇಳುವುದಿಲ್ಲ. ಮೈತ್ರಿ, ಪ್ರಮೋದ, ಕಾರುಣ್ಯಗಳಾದ ಮೇಲೆ ನಾಲ್ಕನೆಯದಾಗಿ ಹೇಳುತ್ತದೆ. ತಿದ್ದಲಾಗದವರ ಎದುರು ಮಾಧ್ಯಸ್ಥ್ಯ, ನೊಂದವರ ಎದುರು ಕಾರುಣ್ಯ. ಈ ಕ್ರಮದಲ್ಲಿ ಜೈನರ ದೊಡ್ಡ ವಿವೇಕವಿದೆ ಎಂದು ನನ್ನ ನಂಬಿಕೆ. ನೊಂದವರ ಮುಂದೆಯೂ ಮಾಧ್ಯಸ್ಥ್ಯವನ್ನೇ ಹಿಡಿದು ಕೂತರೆ ಅದು ಬರೀ ದೂರ ನಿಲ್ಲುವುದಾಗುತ್ತದೆ.

ಹಾಗೆಂದು ಜಿನೀವಾವನ್ನು ಖಾಲಿ ಮಾಡಿಸಬೇಕೆಂದಲ್ಲ. ಹೊಸ ಸಂಸ್ಥೆಗೆ ಊರು ಗೊತ್ತುಮಾಡುವಾಗ, ನೋವು ಯಾರದೋ ಅವರು ಅಲ್ಲಿಗೆ ಬಂದು ಬಾಗಿಲು ತಟ್ಟಬಲ್ಲರೇ ಎಂದು ಮೊದಲು ಕೇಳಬೇಕು. 1972ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಕೇಂದ್ರವನ್ನು ಕೀನ್ಯಾಕ್ಕೆ ಕೊಡಲು ತೀರ್ಮಾನಿಸಿದ್ದು ಆ ದಿಕ್ಕಿನ ಹೆಜ್ಜೆ. ಹವಾಮಾನ ಬದಲಾವಣೆಯಿಂದ ನಷ್ಟ ಅನುಭವಿಸಿದ ದೇಶಗಳಿಗೆ ನೆರವಾಗುವ ನಿಧಿಯ ಮಂಡಳಿಗೆ 2024ರಲ್ಲಿ ಆತಿಥೇಯ ದೇಶವಾಗಿ ಆಯ್ಕೆಯಾದದ್ದು, ವರ್ಷವರ್ಷವೂ ಚಂಡಮಾರುತಗಳ ಹೊಡೆತ ತಿನ್ನುವ ಫಿಲಿಪ್ಪೀನ್ಸ್. ಆ ನಿಧಿಯ ಹಣ ಈಗಿರುವುದು ವಿಶ್ವ ಬ್ಯಾಂಕಿನ ಸುಪರ್ದಿಯಲ್ಲಿ. ಅದನ್ನು ಹಂಚುವ ಮಾತು ನೀರಿನಲ್ಲಿ ನಿಂತವರ ಎದುರಿಗೇ ನಡೆಯಲಿ.